ಏಳನೆಯ ಅಕ್ಷರ

ಶನಿವಾರ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ
ಮರಿಸೇಲಾ ಶೋಲ್ ಮೆಟ್ಟಿಲ ಮೇಲಿರುತ್ತಾಳೆ,
ಕಂಕುಳಲ್ಲಿ ಮೂರು ದಪ್ಪ ಪುಸ್ತಕ,
ಬಣ್ಣಬಣ್ಣದ ಚೀಟಿ ಅಂಟಿಸಿ ಅಂಟಿಸಿ
ಹುಂಜದ ಬಾಲವಾದ ಪುಸ್ತಕ.

ನೆಬ್ರಾಸ್ಕದ ಗಾಳಿ ನದಿಯ ಕಡೆಯಿಂದ ಬೀಸಿದರೆ
ಬರೀ ಚಳಿ.
ಕಾರ್ಖಾನೆಯ ಕಡೆಯಿಂದ ಬೀಸಿದರೆ
ದಿನಕ್ಕೆ ಐದು ಸಾವಿರ ದನದ ವಾಸನೆ.
ದುಡ್ಡಿನ ವಾಸನೆ ಅನ್ನುತ್ತೇವೆ ಊರವರು,
ನಗದೆ.

ನಾನು ಆರ್ಡಿತ್ ಕ್ರಾಟ್ಕಿ. ಮೂವತ್ತೊಂದು ವರ್ಷ
ಇಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು
ನೋವುಗಳನ್ನು ಅಂಕಿ ಮಾಡಿದವಳು.
ಬಾತುಕೋಳಿ ಕುಟ್ಟಿದರೆ ಒಂದು ಕೋಡು,
ಹಸು ಒದ್ದರೆ ಬೇರೆ, ಕಚ್ಚಿದರೆ ಮತ್ತೂ ಬೇರೆ.
ಹೆಣಿಗೆ ಹಾಕುವಾಗ ಆದ ಗಾಯಕ್ಕೂ ಒಂದುಂಟು,
ಒಮ್ಮೆಯೂ ಬಳಸಲಾಗಲಿಲ್ಲವೆಂದು ಇಂದಿಗೂ ಬೇಸರ.

ವಿಶೇಷ ಪರೀಕ್ಷೆ ನಾನು ಕಟ್ಟಲೇ ಇಲ್ಲ.
ನಮ್ಮ ಕಾಲಕ್ಕೆ ಒಂದೇ ಸರ್ಟಿಫಿಕೇಟು, ಒಂದೇ ಮೊಳೆ, ಒಂದೇ ಗೋಡೆ.
ಇವಳಿಗೆ ಸಾಲದು.
ಗಂಟೆಗೆ ನಾಲ್ಕು ಡಾಲರು ಹೆಚ್ಚಾದೀತೆಂದು
ಗಂಡನಿಗೆ ಹೇಳಿದ್ದಾಳೆ.
ನನಗೆ ಹೇಳಿದ್ದೇ ಬೇರೆ:
"ಎಲ್ಲರೂ ಹೃದಯ ಆರಿಸಿಕೊಳ್ತಾರೆ. ನನಗೆ
ಮೂಳೆ ಬೇಕು, ಕೀಲು ಬೇಕು. ಕೈ ಬೇಕು."

ಸರಿ, ಕೈ.
ಆರು ಅಕ್ಷರ ಹೇಳುತ್ತವೆ
ಯಾವ ಗಾಯ, ಯಾವ ಬೆರಳು, ಎಡವೋ ಬಲವೋ.
ಏಳನೆಯದು ಕಾಲ.
ಎ ಅಂದರೆ ಚಿಕಿತ್ಸೆ ನಡೆದಿದೆ.
ಡಿ ಅಂದರೆ ಮಾಯುತ್ತಿದೆ.
ಎಸ್ ಅಂದರೆ ಮಾಯಿತು, ಆದರೂ ಹೋಗಲಿಲ್ಲ,
ಆರಿಸಿದ ಬೆಂಕಿಯ ಬೂದಿಯೊಳಗಿನ ಕೆಂಡ,
ತೀರಿಸಿದ ಸಾಲದಲ್ಲೊಂದು ತೀರದ ಕಾಸು:
ಶೇಷ.
ನಡುವೆ ಹೇಳಲು ಏನೂ ಇಲ್ಲದ ಮನೆಗಳಿಗೆ
ಎಕ್ಸ್ ತುಂಬಬೇಕು. ಖಾಲಿ ಬಿಡುವಂತಿಲ್ಲ.

ಅಭ್ಯಾಸದ ಪ್ರಶ್ನೆ ನಲವತ್ತಮೂರು:
ಬಲ ಅಂಗೈ, ಚೂರಿ, ಎರಡು ಬೆರಳ ಸ್ನಾಯುರಜ್ಜು ತುಂಡು.
ಅವಳು ಪುಸ್ತಕ ತೆರೆಯಲಿಲ್ಲ.
ತನ್ನ ಬಲಗೈಯನ್ನೇ ಮೇಜಿನ ಮೇಲೆ ಅಂಗಾತ ಇಟ್ಟಳು.
ಬಿಳಿ ಗೆರೆಯೊಂದು ಅಡ್ಡ ಹಾದಿತ್ತು.
ಮುಷ್ಟಿ ಹಿಡಿದಳು, ಮೂರು ಬೆರಳು ಬಂದವು,
ಉಂಗುರದ್ದೂ ಕಿರಿದೂ ಕರೆದರೂ ಬರಲಿಲ್ಲ.
"ನೋಡಿ ಬರೆಯೋ ಪರೀಕ್ಷೆ ತಾನೆ," ಅಂದಳು,
"ಇದನ್ನೂ ಒಳಗೆ ಬಿಡ್ತಾರಲ್ಲ?"

ಎರಡು ಬೆರಳಿಗೆ ಎರಡು ಕೋಡು, ಅಂದೆ ನಾನು.
ಬೇರೇನು ಅನ್ನಲಿ.

ಆಮೇಲೆ ಅವಳು ಪುಸ್ತಕದ ನಡುವಿಂದ
ನಾಲ್ಕಾಗಿ ಮಡಚಿದ ಹಾಳೆ ತೆಗೆದಳು.
ಹದಿನೇಳನೇ ಇಸವಿ, ಫೆಬ್ರವರಿ, ರಾತ್ರಿ ಪಾಳಿ.
ನಮ್ಮದೇ ತುರ್ತು ವಿಭಾಗ.
ಕೆಳಗೆ ನನ್ನದೇ ಎರಡಕ್ಷರ, ಎ.ಕೆ.

ನೆನಪಿದೆ ಎಂದರೆ ಸುಳ್ಳು. ದಿನಕ್ಕೆ ನೂರು ಕಡತ.
ಗಾಯ ಬರೆದಿದ್ದೆ. ಚೂರಿ ಬರೆದಿದ್ದೆ.
ಕಾರ್ಖಾನೆ ಇರಲಿಲ್ಲ.
ಕಾರ್ಖಾನೆಗೂ ಕೋಡು ಇದೆ,
ಸಂಬಳಕ್ಕೆ ದುಡಿಯುವಾಗ ಎನ್ನಲೂ ಇದೆ.
ಡಾಕ್ಟರ ಟಿಪ್ಪಣಿಯಲ್ಲಿ ಇದ್ದದ್ದು ಎರಡೇ ಪದ:
ಚೂರಿ ತಗುಲಿದೆ.
ಎಲ್ಲಿ ತಗುಲಿತು, ಯಾರ ಹೊತ್ತಿನಲ್ಲಿ,
ಈರುಳ್ಳಿಯ ಮೇಲೋ ಎಮ್ಮೆಯಷ್ಟು ದೊಡ್ಡ ತೊಡೆಯ ಮೇಲೋ,
ಅವರು ಬರೆಯಲಿಲ್ಲ.
ಬರೆಯದ್ದು ನಡೆದಿಲ್ಲ,
ಇದು ನಮ್ಮ ಮೊದಲ ಪಾಠ, ಕೊನೆಯದೂ.

ಇವಳಿಗೆ ಅದನ್ನು ಕಲಿಸಿದವಳೂ ನಾನೇ.
ಇದೇ ಮೇಜಿನಲ್ಲಿ. ಅಕ್ಟೋಬರಿನಲ್ಲಿ.

"ನೀವು ಬರೆದದ್ದು ಸರಿ," ಅಂದಳು ಮರಿಸೇಲಾ,
ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚುತ್ತ,
"ನಾನಾಗಿದ್ದರೂ ಅಷ್ಟೇ ಬರೀತಿದ್ದೆ. ಪೂರ್ತಿ ಅಂಕ."
ಚೀಟಿಯೊಂದನ್ನು ಕಿತ್ತು ಬೇರೆ ಪುಟಕ್ಕೆ ಅಂಟಿಸಿದಳು.
"ಡಾಕ್ಟರಿಗೆ ಒಂದು ಪ್ರಶ್ನೆ ಮಾತ್ರ
ಕಳಿಸಿ ನೋಡ್ತಿದ್ದೆ."

ನಲವತ್ತನಾಲ್ಕು ಮೊಣಕೈ.
ಎಡಗೈಯಲ್ಲಿ ಪುಟ ತಿರುವುತ್ತಾಳೆ,
ಬಲಗೈಯ ಮೂರೇ ಬೆರಳಲ್ಲಿ ಪೆನ್ಸಿಲು.
ಅಕ್ಷರ ದುಂಡು, ಗೆರೆ ದಾಟದು.
ಎಸ್ ಬರೆಯುವಾಗ ಮಾತ್ರ
ಬಾಲ ಸ್ವಲ್ಪ ಉದ್ದ ಹೋಗುತ್ತದೆ.